ಕೆಂಪು ದೀಪ ಉರಿಯುತ್ತಿತ್ತು, ಧ್ವನಿ ಮಾತ್ರ ಇರಲಿಲ್ಲ

ನಮಸ್ಕಾರ. ಈ ದೃಶ್ಯದಲ್ಲಿ ನನ್ನ ತುಟಿಗಳು ಒಂದು ಮಾತನ್ನು ಆಡುತ್ತಿವೆ, ತಮಗೆ ಕೇಳಿಸುತ್ತಿರುವುದು ಬೇರೆಯೇ ಮಾತು. ಅದು ತಮ್ಮ ಮೊಬೈಲಿನ ದೋಷವಲ್ಲ. ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ನಡುವೆ ನಿಂತು ನಾನು ನಲವತ್ತು ನಿಮಿಷ ಮಾತನಾಡಿದ್ದೆ. ಅದರಲ್ಲಿ ಒಂದು ಅಕ್ಷರವೂ ದಾಖಲಾಗಲಿಲ್ಲ. ಆದ್ದರಿಂದ ಈಗ ಮನೆಯ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಬಾಗಿಲಿಗೆ ಕೌದಿ ಇಳಿಬಿಟ್ಟು, ಸದ್ದು ಸೇರಬಾರದೆಂದು ಫ್ಯಾನನ್ನೂ ಆರಿಸಿ, ಬಳ್ಳಾರಿಯ ಏಪ್ರಿಲ್ ತಿಂಗಳಿನಲ್ಲಿ ಈ ನಿರೂಪಣೆಯನ್ನು ಹೊಸದಾಗಿ ಹೇಳುತ್ತಿದ್ದೇನೆ.

ಟೆಲಿವಿಷನ್ ಕ್ರೀಡಾ ನಿರೂಪಕ ಚಾರು ಶರ್ಮಾ ಅವರ ವೃತ್ತಿಜೀವನದ ಕುರಿತು ಒಂದು ವಿಡಿಯೊ ಮಾಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಕುರ್ಚಿಯಲ್ಲಿ ಕುಳಿತು ಹೇಳುವ ಬದಲು, ಅವರ ಕೆಲಸವನ್ನು ಒಂದು ರಾತ್ರಿಯ ಮಟ್ಟಿಗೆ ನಾನೇ ಮಾಡುತ್ತ ಹೇಳೋಣವೆಂದು ಈ ಮೈದಾನಕ್ಕೆ ಬಂದೆ. ಕ್ಯಾಮೆರಾ ಹಿಡಿದವನು ನನ್ನ ಅಕ್ಕನ ಮಗ. ಅಂಕಣಕ್ಕೆ ನೀರು ಚಿಮುಕಿಸುವುದು, ಗೆರೆ ಎಳೆಯುವುದು ಎಲ್ಲವೂ ಕಾಣುತ್ತಿದೆ, ನಾನು ವಿವರಿಸುವುದಿಲ್ಲ.

ಮೈಕಿನ ವಿಷಯವನ್ನು ಹೇಳದೆ ಮುಂದೆ ಹೋಗಲು ಮಾತ್ರ ಮನಸ್ಸಾಗುತ್ತಿಲ್ಲ. ಅಂಗಿಯ ಕಾಲರಿಗೆ ಸಿಕ್ಕಿಸುವ, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಈ ವಸ್ತುವಿಗೆ ಅಂಗಡಿಯವರು 2,200 ರೂಪಾಯಿ ಎಂದರು, ನಾನು 1,500 ಎಂದೆ. ಬಿಲ್ ಕೇಳದಿದ್ದರೆ 1,850ಕ್ಕೆ ಕೊಡುವುದಾಗಿ ಅವರು ಹೇಳಿದಾಗ ಮಹಾ ಜಾಣನಂತೆ ಒಪ್ಪಿಕೊಂಡೆ. ಅಂದು ಮೈದಾನದಲ್ಲಿ ಎರಡು ಸಲ ಅನುಮಾನ ಬಂದು ಅಳಿಯನನ್ನು ಕೇಳಿದೆ. "ಕೆಂಪು ಲೈಟು ಉರಿಯಾಕತ್ತೈತಲ್ಲ ಮಾಮ, ರೆಕಾರ್ಡ್ ಆಗಾಕತ್ತೈತಿ" ಎಂದು ಅವನು ಧೈರ್ಯ ತುಂಬಿದ. ಮನೆಗೆ ಬಂದು ಕೇಳಿದರೆ ನಲವತ್ತು ನಿಮಿಷವೂ ಸ್ಮಶಾನ ಮೌನ. ಮರುದಿನ ಸಿಟ್ಟಿನಿಂದ ಅಂಗಡಿಗೆ ಹೋದಾಗ ಅವರು ಮೊದಲು ಕೇಳಿದ್ದು ಬಿಲ್ಲನ್ನೇ. ನಾನು ಧ್ವನಿ ಏರಿಸುವಷ್ಟರಲ್ಲಿ ಅವರು ಮೈಕಿನ ಬದಿಯಲ್ಲಿದ್ದ ಒಂದು ಸಣ್ಣ ಗುಂಡಿಯನ್ನು ಒತ್ತಿದರು, ದೀಪ ಹಸಿರಾಯಿತು. ಈ ಉಪಕರಣದಲ್ಲಿ ಹಸಿರು ಎಂದರೆ ಧ್ವನಿ ಹೋಗುತ್ತಿದೆ, ಕೆಂಪು ಎಂದರೆ ಬಾಯಿ ಮುಚ್ಚಿಸಲಾಗಿದೆ ಎಂದರ್ಥ. ಕಾಲರಿಗೆ ಸಿಕ್ಕಿಸುವಾಗ ಆ ಗುಂಡಿಯನ್ನು ಒತ್ತಿದ್ದು ನನ್ನದೇ ಹೆಬ್ಬೆರಳು. ತಪ್ಪು ನನ್ನದು ಎಂದು ಒಪ್ಪಿಕೊಂಡಿದ್ದೇನೆ, ಆದರೂ ಕೆಂಪು ದೀಪವನ್ನು ಮೌನಕ್ಕೆ ಗೊತ್ತುಮಾಡಿದ ಪುಣ್ಯಾತ್ಮನನ್ನು ನಾನು ಕ್ಷಮಿಸಿಲ್ಲ.

ನಮ್ಮ ತಪ್ಪಿಗೆ ಒಂದು ಸಮರ್ಥನೆಯೂ ಇದೆ. ಟೆಲಿವಿಷನ್ ಸ್ಟುಡಿಯೊದಲ್ಲಿ ನಾಲ್ಕಾರು ಕ್ಯಾಮೆರಾಗಳಿದ್ದರೆ, ಯಾವುದರ ಮೇಲೆ ಕೆಂಪು ದೀಪ ಹತ್ತುತ್ತದೆಯೋ ಅದರ ಚಿತ್ರವೇ ಆ ಕ್ಷಣದಲ್ಲಿ ಮನೆಮನೆಗೆ ಹೋಗುತ್ತಿರುತ್ತದೆ. ನಿರೂಪಕನು ಮಾತು ನಿಲ್ಲಿಸದೆ ಆ ದೀಪದ ಕಡೆಗೆ ಮುಖ ತಿರುಗಿಸಬೇಕು. ಅದೇ ಹೊತ್ತಿನಲ್ಲಿ ಅವನ ಕಿವಿಯೊಳಗಿನ ಸಣ್ಣ ಸಾಧನದಲ್ಲಿ ನಿಯಂತ್ರಣ ಕೊಠಡಿಯ ನಿರ್ದೇಶಕರು ಮಾತನಾಡುತ್ತಲೇ ಇರುತ್ತಾರೆ: ಜಾಹೀರಾತಿಗೆ ಇಪ್ಪತ್ತು ಸೆಕೆಂಡು, ಹತ್ತು, ಐದು, ಈಗ ಅತಿಥಿಯನ್ನು ತಡೆಯಿರಿ. ಕೇಳುವುದು ಒಂದು, ಆಡುವುದು ಇನ್ನೊಂದು, ಯೋಚಿಸುವುದು ಮೂರನೆಯದು. ಇದನ್ನೂ ಪರೀಕ್ಷಿಸೋಣವೆಂದು ಅಳಿಯನು ನನ್ನ ಇಯರ್‌ಫೋನಿಗೆ ಕರೆ ಮಾಡಿ, ನಾನು ಮಾತನಾಡುತ್ತಿರುವಾಗಲೇ ಅಂಕಗಳನ್ನು ಹೇಳತೊಡಗಿದ. ಈಗ ತೆರೆಯ ಮೇಲೆ ನಾನು ಬಾಯಿ ತೆರೆದು ನಿಂತಿರುವುದು ಕಾಣುತ್ತಿದೆಯಲ್ಲ, ಅದೇ ಫಲಿತಾಂಶ. ನಾಲ್ಕನೆಯ ವಾಕ್ಯಕ್ಕೆ ಕರ್ತೃವೇ ಮರೆತುಹೋಯಿತು.

ಇನ್ನು ಚಾರು ಶರ್ಮಾ. ಹೊಸ ತಲೆಮಾರಿನ ಎಷ್ಟೋ ಮಂದಿ ಅವರ ಹೆಸರನ್ನು ಮೊದಲ ಬಾರಿಗೆ ಕೇಳಿದ್ದು 2022ರ ಫೆಬ್ರುವರಿ 12ರಂದು. ಬೆಂಗಳೂರಿನ ಹೋಟೆಲೊಂದರಲ್ಲಿ ಐಪಿಎಲ್ ಕ್ರಿಕೆಟ್ ಆಟಗಾರರ ಮೆಗಾ ಹರಾಜು ನಡೆಯುತ್ತಿತ್ತು. ಶ್ರೀಲಂಕಾದ ವನಿಂದು ಹಸರಂಗ ಅವರ ಬೆಲೆ ಏರುತ್ತಿದ್ದಾಗಲೇ, ಹರಾಜು ನಡೆಸುತ್ತಿದ್ದ ಬ್ರಿಟನ್ನಿನ ಹ್ಯೂ ಎಡ್ಮೀಡ್ಸ್ ಕುಸಿದು ಬಿದ್ದರು. ರಕ್ತದೊತ್ತಡ ಹಠಾತ್ತನೆ ಇಳಿದದ್ದು ಅದಕ್ಕೆ ಕಾರಣವೆಂದು ಬಳಿಕ ತಿಳಿಯಿತು. ಐಪಿಎಲ್ ಅಧ್ಯಕ್ಷರಾಗಿದ್ದ ಬ್ರಿಜೇಶ್ ಪಟೇಲ್ ಅವರಿಂದ ಕರೆ ಬಂದಾಗ ಹೋಟೆಲಿಗೆ ಸಮೀಪದಲ್ಲೇ ವಾಸವಿದ್ದ ಶರ್ಮಾ ಮಧ್ಯಾಹ್ನದ ಊಟ ಮಾಡುತ್ತಿದ್ದರು. ಊಟ ಬಿಟ್ಟೆದ್ದು, ಸೂಟು ತೊಟ್ಟು ಬಂದು, ಹಸರಂಗ ಅವರ ಹರಾಜನ್ನು ನಿಂತಲ್ಲಿಂದಲೇ ಮುಂದುವರಿಸಿ 10.75 ಕೋಟಿ ರೂಪಾಯಿಗೆ ಬೆಂಗಳೂರಿಗೆ ಕೊಟ್ಟರು. ಅದೇ ದಿನ ಇಶಾನ್ ಕಿಶನ್ ಅವರನ್ನು 15.25 ಕೋಟಿಗೆ ಮುಂಬೈಗೆ ಮಾರಿದವರೂ ಅವರೇ. ಮರುದಿನ ಖಲೀಲ್ ಅಹಮದ್ ಅವರ ಸರದಿಯಲ್ಲಿ ಕೊನೆಯ ಬೆಲೆ ಕೂಗಿದ್ದು ಯಾವ ತಂಡ ಎಂಬುದರಲ್ಲಿ ಗೊಂದಲವಾಗಿ, ಆಟಗಾರ ಡೆಲ್ಲಿ ಪಾಲಾದದ್ದು ಸಾಕಷ್ಟು ಚರ್ಚೆಗೂ ಕಾರಣವಾಯಿತು. ಆ ತಪ್ಪಿನಿಂದಾಗಿ ನನಗೆ ಅವರ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಎರಡು ದಿನದ ಕೊನೆಗೆ ಎಡ್ಮೀಡ್ಸ್ ಚೇತರಿಸಿಕೊಂಡು ವೇದಿಕೆಗೆ ಮರಳಿದಾಗ ಇಡೀ ಸಭಾಂಗಣ ಎದ್ದು ನಿಂತಿತು.

ಇಲ್ಲೊಂದು ಹಳೆಯ ಕಥೆಯಿದೆ. 2008ರಲ್ಲಿ ಐಪಿಎಲ್ ಆರಂಭವಾದಾಗ ಬೆಂಗಳೂರು ರಾಯಲ್ ಚಾಲೆಂಜರ್ಸ್ ತಂಡದ ಸಿಇಒ ಆಗಿದ್ದವರು ಇದೇ ಶರ್ಮಾ. ಏಪ್ರಿಲ್ 18ರ ಮೊದಲ ಪಂದ್ಯದಲ್ಲೇ ಎದುರಾಳಿ ಕೋಲ್ಕತ್ತ ತಂಡದ ಬ್ರೆಂಡನ್ ಮೆಕಲಂ 73 ಎಸೆತಗಳಲ್ಲಿ ಅಜೇಯ 158 ರನ್ ಬಾರಿಸಿದರು, ನಮ್ಮವರು 82ಕ್ಕೆ ಮುದುರಿಕೊಂಡರು. ಸೋಲುಗಳು ಸಾಲುಗಟ್ಟಿದವು, ಮೇ ತಿಂಗಳಲ್ಲಿ ಶರ್ಮಾ ಆ ಸ್ಥಾನದಿಂದ ಹೊರಬಿದ್ದರು. ಅವರ ಜಾಗಕ್ಕೆ ಬಂದವರು ಬ್ರಿಜೇಶ್ ಪಟೇಲ್. ಹದಿನಾಲ್ಕು ವರ್ಷಗಳ ನಂತರ ಊಟದ ಹೊತ್ತಿನಲ್ಲಿ ಬಂದ ಕರೆಯೂ ಅವರದೇ. ಮಾತುಗಾರನನ್ನು ಆಡಳಿತದಲ್ಲಿ ಕೂರಿಸಿದ್ದೇ ತಪ್ಪು ಎಂದು ಈ ವಿಡಿಯೊದ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ; ಈಗ ಹೇಳುವಾಗ ಆ ಸಾಲನ್ನು ಹೊಡೆದುಹಾಕುತ್ತಿದ್ದೇನೆ, ಏಕೆಂದರೆ ಮೆಕಲಂ ಹೊಡೆಯುವಾಗ ಸಿಇಒ ಆದವನು ಮೈದಾನಕ್ಕಿಳಿದು ಚೆಂಡು ತಡೆಯಲಾಗದು.

ದಯವಿಟ್ಟು ಈ ದಾಳಿಯನ್ನು ನೋಡಿ, ಎಡಗಡೆಯ ಹುಡುಗ. ಬೋನಸ್ ಗೆರೆಗೆ ಕಾಲು ಚಾಚಿ, ಹಿಮ್ಮಡಿ ಹಿಡಿಯಲು ಬಂದವನನ್ನು ಸವರಿಕೊಂಡು ಮರಳಿದ. ಎರಡು ಅಂಕ.

ನಾನು ಕಬಡ್ಡಿ ಮೈದಾನವನ್ನೇ ಆರಿಸಿದ್ದಕ್ಕೂ ಶರ್ಮಾ ಅವರೇ ಕಾರಣ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ವೀಕ್ಷಕ ವಿವರಣೆ ನೀಡುವಾಗ, ಈ ಆಟಕ್ಕೆ ಟೆಲಿವಿಷನ್ನಿನಲ್ಲಿ ಜಾಗವಿದೆ ಎಂಬುದು ಅವರಿಗೆ ಹೊಳೆಯಿತು. ಆನಂದ್ ಮಹೀಂದ್ರಾ ಅವರೊಡನೆ ಸೇರಿ ಮಷಾಲ್ ಸ್ಪೋರ್ಟ್ಸ್ ಸಂಸ್ಥೆ ಕಟ್ಟಿದರು. 2014ರ ಜುಲೈ 26ರಂದು ಎಂಟು ತಂಡಗಳೊಡನೆ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಮೂವತ್ತು ಸೆಕೆಂಡುಗಳ ದಾಳಿಯನ್ನು ಗಡಿಯಾರದೊಡನೆ ತೆರೆಯ ಮೇಲೆ ತೋರಿಸಿದಾಗ, ನಮ್ಮ ಎರೆಮಣ್ಣಿನ ಆಟ ನೋಡುವವರ ಎದೆಬಡಿತದ ಆಟವಾಯಿತು. ಎರಡು ದಾಳಿಗಳು ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು ಎಂಬ ಮಾಡು ಇಲ್ಲವೇ ಮಡಿ ನಿಯಮ ಇಂದು ನಮ್ಮ ಹಳ್ಳಿಯ ಹುಡುಗರ ಬಾಯಲ್ಲೂ ಇದೆ. ಆರನೆಯ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ಗೆದ್ದಾಗ, 2019ರ ಜನವರಿಯ ಆ ಫೈನಲಿನಲ್ಲಿ ಪವನ್ ಸೆಹ್ರಾವತ್ 22 ಅಂಕ ಗಳಿಸಿದ್ದನ್ನು ನಾನು ರಾಯಲ್ ಸರ್ಕಲ್ ಬಳಿಯ ಮಿರ್ಚಿ ಅಂಗಡಿಯ ಟೀವಿಯಲ್ಲಿ ನಿಂತೇ ನೋಡಿದ್ದೆ. ಒಗ್ಗರಣೆ ಮಂಡಕ್ಕಿ ತಣ್ಣಗಾಗಿ ಮೆತ್ತಗಾಯಿತು. ಆ ಅಂಗಡಿಯ ವಿಷಯ ಇನ್ನೊಮ್ಮೆ ಹೇಳುತ್ತೇನೆ, ದ್ವಿತೀಯಾರ್ಧ ಆರಂಭವಾಗುತ್ತಿದೆ.

ಒಂದು ಅಪರಾಧವನ್ನೂ ಒಪ್ಪಿಕೊಳ್ಳಬೇಕು. 2003ರ ವಿಶ್ವಕಪ್ಪಿನಲ್ಲಿ ಶರ್ಮಾ ಅವರ ಜೊತೆ ನಟಿ ಮಂದಿರಾ ಬೇಡಿ ನಿರೂಪಕಿಯಾಗಿ ಬಂದಾಗ, ಕ್ರಿಕೆಟ್ಟಿನ ನಡುವೆ ಈಕೆಗೇನು ಕೆಲಸ ಎಂದು ನಮ್ಮ ಓಣಿಯ ಕಟ್ಟೆಯಲ್ಲಿ ಗೊಣಗಿದವರಲ್ಲಿ ನಾನೂ ಒಬ್ಬ. ಪಕ್ಕದಲ್ಲಿ ಕುಳಿತ ಮಾಜಿ ಆಟಗಾರರು ಆಕೆಯ ಪ್ರಶ್ನೆಗೆ ನೇರವಾಗಿ ಉತ್ತರಿಸದೆ ಕ್ಯಾಮೆರಾ ನೋಡಿ ತಮಗೆ ತೋಚಿದ್ದನ್ನು ಹೇಳಿ ಮುಗಿಸುತ್ತಿದ್ದ ದಿನಗಳನ್ನು ಮಂದಿರಾ ಅವರೇ ಬಳಿಕ ನೆನಪಿಸಿಕೊಂಡಿದ್ದಾರೆ. ಆಗ ನಮ್ಮ ಮನೆಯಲ್ಲಿ ಕ್ರಿಕೆಟ್ ಎಂದರೆ ಗಂಡಸರು ಮಾತ್ರ ಟೀವಿಯ ಮುಂದೆ ಇರುತ್ತಿದ್ದರು. ಆ ವರ್ಷ ನನ್ನ ಅಕ್ಕ ಮಾರ್ಚ್ 23ರ ಫೈನಲನ್ನು ಪೂರ್ತಿ ಕುಳಿತು ನೋಡಿದಳು, ಭಾರತದ ಎದುರು ಆಸ್ಟ್ರೇಲಿಯಾದ ಪಾಂಟಿಂಗ್ 140 ಹೊಡೆದಾಗ ಬೈದಳು ಕೂಡ. ಇಂದು ಕ್ಯಾಮೆರಾ ಹಿಡಿದವನು ಅವಳ ಮಗ.

ಈಗ ಮೈಕ್ ಮುಂದೆ ನಿಂತಿರುವ ಹಿರಿಯರನ್ನು ನೋಡಿ. ಅವರು ಈ ಭಾಗದ ಪಂದ್ಯಾವಳಿಗಳ ಅನೌನ್ಸರ್. 2018ರಿಂದ ಐಪಿಎಲ್ ಕನ್ನಡದಲ್ಲೂ ಬರತೊಡಗಿ, 1999ರ ನೈರೋಬಿ ಎಲ್‌ಜಿ ಕಪ್ ಕ್ರಿಕೆಟ್ ಪಂದ್ಯಾವಳಿಯಲ್ಲಿ ಪದಾರ್ಪಣೆಯಲ್ಲೇ ಸರಣಿಶ್ರೇಷ್ಠರಾಗಿದ್ದ ವಿಜಯ್ ಭಾರದ್ವಾಜ್ ಅವರಂಥವರು ನಮ್ಮ ಮಾತಿನಲ್ಲೇ ಆಟ ವಿವರಿಸುವುದನ್ನು ಕೇಳುವ ಭಾಗ್ಯ ಬಂತು. ಅಲ್ಲಿ ಕನ್ನಡಕ್ಕೊಂದು ವಾಹಿನಿ, ತೆಲುಗಿಗೊಂದು, ಹಿಂದಿಗೊಂದು. ಇಲ್ಲಿ ಈ ಹಿರಿಯರು ಕನ್ನಡದಲ್ಲಿ ಅಂಕ ಹೇಳಿ, ಆಂಧ್ರದ ಗಡಿಯಾಚೆಯಿಂದ ಬಂದ ತಂಡಕ್ಕೆ ತೆಲುಗಿನಲ್ಲಿ ಎಚ್ಚರಿಕೆ ಕೊಟ್ಟು, ಗೆರೆಯೊಳಗೆ ನುಗ್ಗಿದ ಹುಡುಗರನ್ನು ಉರ್ದುವಿನಲ್ಲಿ ಗದರುತ್ತಾರೆ. ಅವರ ಕಿವಿಯಲ್ಲಿ ಯಾವ ಸಾಧನವೂ ಇಲ್ಲ. ಪಂದ್ಯಾವಳಿ ಸಮಿತಿಯವರು ಬೆನ್ನು ತಟ್ಟಿ ಚೀಟಿ ಕೊಡುತ್ತಾರೆ, ಇವರು ಮಾತು ನಿಲ್ಲಿಸದೆ ಓದಿಕೊಳ್ಳುತ್ತಾರೆ. ಜನರೇಟರ್ ಕೆಟ್ಟು ದೀಪ, ಮೈಕು ಎರಡೂ ಆರಿದ ಹನ್ನೊಂದು ನಿಮಿಷ ಇವರು ಬರಿಗಂಟಲಿನಲ್ಲೇ ಜನರನ್ನು ಕೂರಿಸಿದರು. ಕತ್ತಲೆಯಾದ್ದರಿಂದ ಅದರ ದೃಶ್ಯವಿಲ್ಲ, ಧ್ವನಿ ಏಕಿಲ್ಲ ಎಂಬುದು ತಮಗೆ ಗೊತ್ತೇ ಇದೆ.

ಕೊನೆಯ ದಾಳಿಗೆ ಬಂದೆವು, ಬೇಗ ಹೇಳಿಬಿಡುತ್ತೇನೆ. ಒಂದು ಅಂಕದ ಅಂತರ, ಅಂಕಣದಲ್ಲಿ ಮೂವರೇ ರಕ್ಷಕರು, ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಹಿಡಿದರು. ಧೂಳಿನ ನಡುವೆ ಅಳಿಯನು ಕ್ಯಾಮೆರಾವನ್ನು ನನ್ನ ಕಡೆಗೆ ತಿರುಗಿಸಿದ್ದಾನೆ, ನಾನು ಅಂತಿಮ ನುಡಿಯನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ. ಏನು ಹೇಳಿದೆನೆಂದು ಈಗ ನನಗೂ ನೆನಪಿಲ್ಲ. ಕಾಲರಿನ ಬಳಿ ನೋಡಿ, ಕೆಂಪು ದೀಪ ಎಷ್ಟು ಚೆನ್ನಾಗಿ ಉರಿಯುತ್ತಿದೆ. ದೃಶ್ಯ ಮುಗಿಯಿತು, ನಾನು ಎದ್ದು ಫ್ಯಾನ್ ಹಾಕುತ್ತೇನೆ.