ಟ್ರೇಲರ್ ಮೇಲಿನ ಹಾಯಿದೋಣಿ: ಕೊಳ್ಳುವ ಮುನ್ನ ತೂಗಿ ನೋಡಿ

ಕೇಳುಗರಿಗೆ ನಮಸ್ಕಾರ.

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯಬಹುದಾದ, ಆರರಿಂದ ಏಳೂವರೆ ಮೀಟರ್ ಉದ್ದದ, ವೇಗಕ್ಕೆಂದೇ ಹಗುರವಾಗಿ ಕಟ್ಟಿದ ಹಾಯಿದೋಣಿ. ಹಗಲೆಲ್ಲ ಗಾಳಿಯ ಜೊತೆ ಓಡಾಡಿ ಸಂಜೆ ಮರಳಬೇಕು, ಅಪರೂಪಕ್ಕೆ ಶನಿವಾರದ ರಾತ್ರಿ ಅದರಲ್ಲೇ ಮಲಗಬೇಕು. ಇಂಥ ದೋಣಿಯನ್ನು ಕೊಳ್ಳುವ ಮುನ್ನ ಹೇಗೆ ಪರೀಕ್ಷಿಸುವುದು ಎಂಬುದೇ ಇವತ್ತಿನ ವಿಷಯ.

ಎಲ್ಲಕ್ಕಿಂತ ಮೊದಲು ತೂಕ. ದೋಣಿಯ ವೇಗ, ಅದನ್ನೆಳೆಯುವ ಕಾರು, ನೀರಿಗಿಳಿಸುವ ಶ್ರಮ, ಗಾಳಿಗೆ ಮಗುಚದೆ ನಿಲ್ಲುವ ಬಲ, ಎಲ್ಲವೂ ತೂಕಕ್ಕೇ ಬಂದು ನಿಲ್ಲುತ್ತವೆ. 1977ರಲ್ಲಿ ಬಂದ ಜೆ 24 ದೋಣಿಯ ತೂಕ ಸುಮಾರು 1,400 ಕಿಲೋ. ಅದರ ಕೀಲ್, ಅಂದರೆ ತಳದಿಂದ ನೀರಿನೊಳಕ್ಕೆ ಇಳಿಯುವ ಭಾರದ ರೆಕ್ಕೆ, ಮೇಲೆತ್ತಲು ಬಾರದು. ಅದೇ ಮನೆತನದ ಜೆ 70 ಬಂದದ್ದು 2012ರಲ್ಲಿ: ಉದ್ದ ಏಳು ಮೀಟರಿಗೆ ತುಸು ಕಡಿಮೆ, ತೂಕ ಸುಮಾರು 800 ಕಿಲೋ, ಕೀಲ್ ಮೇಲಕ್ಕೆ ಬರುತ್ತದೆ. ಮೊದಲನೆಯದನ್ನು ನೀರಿಗಿಳಿಸಲು ಸಾಮಾನ್ಯವಾಗಿ ಕ್ರೇನ್ ಹುಡುಕಬೇಕು. ಎರಡನೆಯದನ್ನು ಇಳಿಜಾರಿನ ರ‍್ಯಾಂಪಿನಿಂದಲೇ ಇಳಿಸಬಹುದು.

ತಯಾರಕರು ಕೊಡುವ ತೂಕ ಬರಿಯ ದೋಣಿಯದು ಎಂಬುದನ್ನು ಮರೆಯಬೇಡಿ. ಒಂದು ಲೆಕ್ಕ ಹೇಳುತ್ತೇನೆ. ಹಾಯಿಯ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ತೆಗೆದುಕೊಳ್ಳಿ. ದೋಣಿ ತಳ್ಳುವ, ಅಂದರೆ ಅದರ ತೂಕದಷ್ಟೇ ತೂಗುವ, ಕಡಲ ನೀರಿನ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು, ಅದನ್ನು ವರ್ಗ ಮಾಡಿ ಘನಮೂಲ ತೆಗೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ 15ರ ಆಸುಪಾಸಿದ್ದರೆ ನಿಧಾನದ ದೋಣಿ, 20 ದಾಟಿದರೆ ಚುರುಕು, 25ರ ಮೇಲಾದರೆ ಒಳ್ಳೆಯ ಗಾಳಿಯಲ್ಲಿ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗುವ ಜಾತಿ. 800 ಕಿಲೋ ದೋಣಿಗೆ 26 ಚದರ ಮೀಟರ್ ಹಾಯಿ ಇದ್ದರೆ ಉತ್ತರ ಸುಮಾರು 31. ಈಗ ಮೂವರನ್ನು ಹತ್ತಿಸಿ. ಮೋಟಾರು, ಲಂಗರು, ನೀರು, ಹಾಸಿಗೆ ಎಂದು ಇನ್ನೊಂದು 100 ಕಿಲೋ ಸೇರಿಸಿ. ಅದೇ ದೋಣಿಯ ಸಂಖ್ಯೆ 24ಕ್ಕೆ ಇಳಿಯುತ್ತದೆ. ಭಾರದ ದೋಣಿಯಲ್ಲಿ ಇಷ್ಟು ಇಳಿತ ಕಾಣುವುದಿಲ್ಲ. ಹಗುರ ದೋಣಿ ಕೊಂಡು ಮನೆಯ ಸಾಮಾನನ್ನೆಲ್ಲ ತುಂಬುವವರು ಕೊಟ್ಟ ಹಣದ ಅರ್ಧ ಸುಖವನ್ನು ದಡದಲ್ಲೇ ಕಳೆದುಕೊಳ್ಳುತ್ತಾರೆ.

ರಸ್ತೆಯಲ್ಲೂ ಇದೇ ಕಥೆ. 800 ಕಿಲೋ ದೋಣಿಗೆ 350 ಕಿಲೋ ಟ್ರೇಲರ್, ಮೇಲೆ ಮೋಟಾರು, ಹಾಯಿ, ಹಗ್ಗ ಸೇರಿದರೆ 1,250 ಕಿಲೋ ಸುಲಭವಾಗಿ ದಾಟುತ್ತದೆ. ಕಾರಿನ ಎಳೆಯುವ ಮಿತಿಯನ್ನು ಈ ಮೊತ್ತಕ್ಕೆ ಹೋಲಿಸಿ. ಸಾಧ್ಯವಾದರೆ ಎಲ್ಲ ಹೇರಿಕೊಂಡು ತೂಕದ ಸೇತುವೆಯ ಮೇಲೆ ಒಮ್ಮೆ ನಿಲ್ಲಿಸಿ. ಕೊಕ್ಕೆಯ ಮೇಲೆ ಬೀಳುವ ಭಾರ ಒಟ್ಟು ತೂಕದ ಶೇಕಡಾ 5ಕ್ಕಿಂತ ಕಡಿಮೆಯಾದರೆ ಟ್ರೇಲರಿನ ಹಿಂಭಾಗ ಅತ್ತಿತ್ತ ಬೀಸತೊಡಗುತ್ತದೆ. ತೀರಾ ಹೆಚ್ಚಾದರೆ ಕಾರಿನ ಮೂತಿ ಎದ್ದು ಸ್ಟೇರಿಂಗ್ ಹಿಡಿತ ಸಡಿಲವಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೇಲರಿನ ಟೈರು ಸವೆಯುವುದಕ್ಕಿಂತ ಮೊದಲೇ ಬಿಸಿಲಿಗೆ ಒಡೆಯುತ್ತದೆ, ಆದ್ದರಿಂದ ಗೀರು ಆಳವಿದೆ ಎಂದು ಸಮಾಧಾನ ಪಡಬೇಡಿ. ಚಕ್ರವನ್ನು ನೆಲದಿಂದ ಎತ್ತಿ ಕೈಯಲ್ಲಿ ತಿರುಗಿಸಿ. ಗರಗರ ಶಬ್ದ ಬಂದರೆ ಬೇರಿಂಗಿಗೆ ನೀರು ಹೊಕ್ಕಿದೆ. ದೂರ ಓಡಿ ಬಿಸಿಯಾದ ಬೇರಿಂಗನ್ನು ಕೂಡಲೇ ತಣ್ಣೀರಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಕೂವೆಮರ, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬ, ನಿಲ್ಲಿಸಿ ಮುಗಿಯುವವರೆಗೆ ಚಕ್ರ ಆರಲಿ, ಆಮೇಲೆ ರ‍್ಯಾಂಪಿಗೆ ಇಳಿಸಿ.

ಕೂವೆಮರ ಎಂದೆ. ದೋಣಿ ಎಷ್ಟು ಸಲ ನೀರು ಕಾಣುತ್ತದೆ ಎಂಬುದನ್ನು ತೀರ್ಮಾನಿಸುವುದು ಇದೇ. ಮಾರುವವರಿಗೆ ಹೇಳಿ, ನಿಮ್ಮೆದುರಿಗೇ ಪೂರ್ತಿ ಕಟ್ಟಿಸಿ, ಗಡಿಯಾರ ನೋಡಿ. ಇಬ್ಬರು ಸೇರಿ ಒಂದು ಗಂಟೆಯೊಳಗೆ ಹಾಯಿ ಏರಿಸಲು ಸಿದ್ಧವಾದರೆ ಹಗಲಿನ ವಿಹಾರಕ್ಕೆ ಸರಿ. ಎರಡು ಗಂಟೆ ಬೇಕಾದರೆ ಆ ದೋಣಿಗೆ ಬೇಕಾಗಿರುವುದು ನೀರಿನ ಪಕ್ಕದಲ್ಲೊಂದು ಖಾಯಂ ಜಾಗ, ಟ್ರೇಲರ್ ಅಲ್ಲ. ಮರ ಏಳುವ ಹೊತ್ತಿಗೆ ಪಕ್ಕಕ್ಕೆ ವಾಲದಂತೆ ಹಿಡಿಯುವ ಹಗ್ಗಗಳಿವೆಯೇ, ಎತ್ತಲು ಕಂಬವೋ ರಾಟೆಯೋ ಇದೆಯೇ ಎಂದು ನೋಡಿ. ಮೇಲೆ ವಿದ್ಯುತ್ ತಂತಿ ಹಾದಿರುವ ಕಡೆ ಮರ ಎತ್ತಲೇಬಾರದು. ಇನ್ನು ಉಕ್ಕಿನ ತಂತಿಗಳ ತುದಿ: ತಂತಿ ಲೋಹದ ತೋಳಿನೊಳಗೆ ಹೋಗುವ ಜಾಗದಲ್ಲಿ ಒಂದೇ ಒಂದು ಎಳೆ ಮುರಿದಿದ್ದರೂ ಆ ತಂತಿ ಬದಲಾಗಬೇಕು. ಟ್ರೇಲರ್ ದೋಣಿಗಳಿಗೆ ವಿಶೇಷವಾದ ಒಂದು ರೋಗ, ಬಗ್ಗಿದ ಟರ್ನ್‌ಬಕಲ್. ಮರ ಎತ್ತುವಾಗ ಬಿಗಿಮಾಡುವ ತಿರುಪು ಅಡ್ಡ ಸಿಕ್ಕಿಕೊಂಡು, ಮರದ ಸನ್ನೆ ಬಲಕ್ಕೆ ಬಾಗುತ್ತದೆ. ಹಾಗೆ ಬಾಗಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿರುವುದೂ ಉಂಟು. ಅಂಥದನ್ನು ನಂಬಬೇಡಿ.

ಕೀಲ್ ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಿ. ಎತ್ತುವ ಕೀಲಿನ ತುದಿಯಲ್ಲಿ ಸೀಸದ ಗುಂಡಿರುತ್ತದೆ. ದೋಣಿಯನ್ನು ನೆಟ್ಟಗೆ ನಿಲ್ಲಿಸುವುದು ಆ ಭಾರ. ದೋಣಿಯನ್ನು ಪಟ್ಟಿಯಲ್ಲಿ ತೂಗುಹಾಕಿ, ಕೀಲನ್ನು ಪೂರ್ತಿ ಇಳಿಸಿ, ಗುಂಡನ್ನು ಕೈಯಿಂದ ಪಕ್ಕಕ್ಕೆ ತಳ್ಳಿ. ಟಕ್ ಎಂದು ಬಡಿದರೆ ಕೀಲ್ ಏರಿಳಿಯುವ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಬಿಲ್ಲೆಗಳು ಸವೆದಿವೆ. ಅದು ಸಣ್ಣ ಖರ್ಚು. ದೊಡ್ಡ ಖರ್ಚಿನ ಗುರುತು ಬೇರೆ ಕಡೆ ಇದೆ. ದೋಣಿ ಓಡುತ್ತಿರುವಾಗ ಗುಂಡು ಬಂಡೆಗೆ ತಾಗಿದರೆ ಕೀಲಿನ ತುದಿ ಹಿಂದಕ್ಕೆ, ಮೇಲ್ತುದಿ ಮುಂದಕ್ಕೆ ತಿರುಗಲು ನೋಡುತ್ತದೆ. ಆದ್ದರಿಂದ ಏಟು ಬೀಳುವುದು ಎರಡು ಕಡೆ: ಹೊರಗೆ ತಳದ ಸೀಳಿನ ಹಿಂಬದಿಯ ಅಂಚಿಗೆ, ಒಳಗೆ ಪೆಟ್ಟಿಗೆಯ ಮೇಲ್ಭಾಗದ ಮುಂಬದಿಗೆ. ಟಾರ್ಚ್ ಹಿಡಿದು ಈ ಎರಡೂ ಜಾಗ ನೋಡಿ. ಹೊಸ ಬಣ್ಣ ಅಲ್ಲಿ ಮಾತ್ರ ಬಳಿದಿದ್ದರೆ ಕಾರಣ ಕೇಳಿ. ಕೀಲನ್ನು ಕೆಳಗೆ ಬಂಧಿಸುವ ಬೋಲ್ಟು ಸರಾಗವಾಗಿ ಕೂರಬೇಕು. ಅದು ಕೂರದೆ ಹಾಯಿ ಏರಿಸಿದರೆ, ದೋಣಿ ಮಗುಚಿದಾಗ ಕೀಲ್ ಒಳಕ್ಕೆ ಜಾರುತ್ತದೆ, ಮತ್ತೆ ಎದ್ದು ನಿಲ್ಲುವ ಬಲವೇ ಹೋಗುತ್ತದೆ.

ಡೆಕ್ಕಿನಲ್ಲಿ ಎರಡು ಪದರ ಗಾಜಿನ ನಾರಿನ ನಡುವೆ ಬಾಲ್ಸಾ ಮರ ಅಥವಾ ಫೋಮ್ ಇರುತ್ತದೆ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಂಗೈ ಅಗಲಕ್ಕೊಂದು ಏಟು ಹಾಕುತ್ತಾ ಹೋಗಿ. ಟಣ್ ಎನ್ನುವ ಕಡೆ ಗಟ್ಟಿ, ಡಬ್ ಎನ್ನುವ ಕಡೆ ಪದರ ಬಿಟ್ಟಿದೆ ಅಥವಾ ಮರ ಕೊಳೆತಿದೆ. ಕೊಳೆತ ಶುರುವಾಗುವುದು ಬೋಲ್ಟಿನ ತೂತುಗಳ ಸುತ್ತ, ಅದರಲ್ಲೂ ಕೂವೆಯ ತಂತಿ ಕಟ್ಟುವ ಪಟ್ಟಿಗಳ ಬಳಿ. ಮೂತಿಯಿಂದ ಹೊರಕ್ಕೆ ಚಾಚುವ ಕೋಲು ಇರುವ ದೋಣಿಯಲ್ಲಿ ಅದರ ತೂತಿನ ಸೀಲನ್ನೂ ನೋಡಿ. ಅಲ್ಲಿಂದ ನುಗ್ಗಿದ ಅಲೆ ನೇರ ಹಾಸಿಗೆಗೇ ಬರುತ್ತದೆ. ಚುಕ್ಕಾಣಿಯನ್ನು ತುದಿ ಹಿಡಿದು ಅಲುಗಿಸಿ, ಸಡಿಲವಿದ್ದರೆ ತಿರುಗಣಿಗಳು ಸವೆದಿವೆ.

ಹಾಯಿಗಳ ವಿಷಯ ಚಿಕ್ಕದು. ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ಹಳತಾದರೆ ಹಿಗ್ಗಿ, ಹಾಯಿಯ ಹೊಟ್ಟೆ ಹಿಂದಕ್ಕೆ ಸರಿಯುತ್ತದೆ. ದೋಣಿ ಮುಂದೆ ಹೋಗುವ ಬದಲು ವಾಲುತ್ತದೆ. ಪದರಗಳನ್ನು ಅಂಟಿಸಿ ಮಾಡಿದ ಲ್ಯಾಮಿನೇಟ್ ಹಾಯಿ ಆಕಾರ ಕೆಡಿಸಿಕೊಳ್ಳದೆ ಒಂದು ದಿನ ಪದರವೇ ಬಿಡುತ್ತದೆ. ಸ್ಪರ್ಧೆಗೆಂದು ಹೊಲಿದ ದೊಡ್ಡ ಹಾಯಿಯಲ್ಲಿ ರೀಫ್, ಅಂದರೆ ಗಾಳಿ ಹೆಚ್ಚಾದಾಗ ಹಾಯಿ ಕಿರಿದುಮಾಡುವ ಏರ್ಪಾಟು, ಎಷ್ಟೋ ಸಲ ಇರುವುದೇ ಇಲ್ಲ. ವಾರಾಂತ್ಯದ ಪ್ರಯಾಣಕ್ಕೆ ಕನಿಷ್ಠ ಒಂದು ರೀಫ್ ಬೇಕೇ ಬೇಕು.

ಯುರೋಪಿನ ಸಿಇ ವರ್ಗೀಕರಣದ ಫಲಕವಿದ್ದರೆ ಅಕ್ಷರ ಓದಿ. ಸಿ ಎಂದರೆ ಗಾಳಿಯ ಬಲ ಅಳೆಯುವ ಬೋಫೋರ್ಟ್ ಮಾಪನದಲ್ಲಿ 6ರ ಗಾಳಿ, 2 ಮೀಟರ್ ಅಲೆಯವರೆಗಿನ ಕರಾವಳಿ ನೀರಿಗೆ. ಡಿ ಎಂದರೆ ಬೋಫೋರ್ಟ್ 4ರವರೆಗಿನ ಆಸರೆಯ ನೀರಿಗೆ ಮಾತ್ರ. ಅದೇ ಫಲಕದಲ್ಲಿ ಎಷ್ಟು ಜನ, ಎಷ್ಟು ಕಿಲೋ ಎಂದೂ ಇರುತ್ತದೆ.

ನೀರಿನ ಮೇಲಿನ ಪರೀಕ್ಷೆಗೆ 10ರಿಂದ 14 ನಾಟ್, ಅಂದರೆ ಗಂಟೆಗೆ ಸುಮಾರು 18ರಿಂದ 26 ಕಿಲೋಮೀಟರ್, ಗಾಳಿಯ ದಿನ ಆರಿಸಿ, ನೀವು ಎಂದಿನಂತೆ ಎಷ್ಟು ಜನ ಹೋಗುತ್ತೀರೋ ಅಷ್ಟೇ ಜನ ಹತ್ತಿ. ಮಾರುವವರು ನಾಲ್ಕು ಗಟ್ಟಿ ಆಳುಗಳನ್ನು ಅಂಚಿನಲ್ಲಿ ಕೂರಿಸಿದರೆ ಯಾವ ದೋಣಿಯೂ ನೆಟ್ಟಗೆ ನಿಲ್ಲುತ್ತದೆ. ಗಾಳಿಗೆ ಎದುರಾಗಿ ಓಡುವಾಗ ಚುಕ್ಕಾಣಿ ಕೋಲನ್ನು ಎರಡು ಬೆರಳಲ್ಲಿ ಹಿಡಿಯುವಂತಿರಬೇಕು. ಜೋರಾಗಿ ಎಳೆದರೆ ಮೊದಲು ಹಾಯಿ ಸಡಿಲಿಸಿ, ಕೂವೆಯ ವಾಲು ಸರಿಪಡಿಸಿ ನೋಡಿ. ಆಗಲೂ ಎಳೆಯುತ್ತಿದ್ದರೆ ಬೇಡ ಎನ್ನಿ. ಮೋಟಾರಿಗೆ 51 ಸೆಂಟಿಮೀಟರಿನ ಉದ್ದ ಕಾಲು ಇದ್ದರೆ ಒಳ್ಳೆಯದು, 38ರದು ಅಲೆಯಲ್ಲಿ ನೀರು ಬಿಟ್ಟು ಮೇಲೆದ್ದು ಕಿರುಚುತ್ತದೆ. ನಾಲ್ವರಿಗೆ ಹಾಸಿಗೆ ಎಂದು ಜಾಹೀರಾತಿನಲ್ಲಿದ್ದರೆ ಒಳಗೆ ಹೋಗಿ ಒಮ್ಮೆ ಮಲಗಿ. ಕಾಲು ಚಾಚಿದಾಗ ಕೀಲ್ ಪೆಟ್ಟಿಗೆ ಎಲ್ಲಿ ಬರುತ್ತದೆ, ಒದ್ದೆ ಹಾಯಿಗಳನ್ನು ಎಲ್ಲಿ ಇಡುತ್ತೀರಿ ಎಂಬುದು ಅಲ್ಲೇ ತಿಳಿಯುತ್ತದೆ.

ಹೊರಡುವ ಮುನ್ನ ದೋಣಿಯೊಳಗೆ ಸೋರಿದ ನೀರು ಸೇರುವ ತಳದ ಗುಂಡಿಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿರಿ, ಮರಳಿದ ಮೇಲೆ ಮತ್ತೆ ತೆರೆದು ನೋಡಿ. ಕಡಲಿನಲ್ಲಿ ಪರೀಕ್ಷಿಸಿದ್ದರೆ ಅಲ್ಲಿನ ಒಂದು ಹನಿ ನಾಲಿಗೆಗೆ ತಾಗಿಸಿ. ಉಪ್ಪಾಗಿದ್ದರೆ ಕೀಲ್ ಪೆಟ್ಟಿಗೆ, ಮೂತಿಯ ಕೋಲಿನ ಸೀಲು, ಚುಕ್ಕಾಣಿಯ ಬೋಲ್ಟುಗಳನ್ನು ಇನ್ನೊಮ್ಮೆ ನೋಡಬೇಕು. ಸಪ್ಪೆಯಾಗಿದ್ದರೆ ಅದು ಎಲ್ಲೋ ಒಳಗೆ ನಿಂತಿದ್ದ ಹಳೆಯ ಮಳೆನೀರು, ದೋಣಿ ವಾಲಿದಾಗ ಹರಿದು ಬಂದಿದೆ. ಡೆಕ್ಕಿನ ತೂತುಗಳ ಕಡೆ ಮತ್ತೊಂದು ಸುತ್ತು ಬಡಿದು ನೋಡಿ, ಬೆಲೆಯ ಮಾತು ಆಮೇಲೆ.