ಒಂದು ಗಂಟಿಗೆ ಒಂದು ನಮೋ ಮರಿಯಾ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮಮ್ಮ ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ಮದುವೆ ಕಾಲ ಬಂತೆಂದರೆ ಮಂಚದ ಮೇಲೆಲ್ಲ ಸೀರೆಗಳ ರಾಶಿ. ಸಂಜೆ ಏಳಕ್ಕೆ ನಾವೆಲ್ಲ ಮಾತೆ ಮರಿಯಮ್ಮನ ಪಟದ ಮುಂದೆ, ಮಣಿ ಎಣಿಸುತ್ತಾ ಹೇಳುವ ಜಪಸರದ ಪ್ರಾರ್ಥನೆಗೆ ಕೂರುತ್ತಿದ್ದೆವು. ಅಮ್ಮ ಮಾತ್ರ ಸೀರೆಯ ಸೆರಗನ್ನು ಮಡಿಲಲ್ಲಿ ಇಟ್ಟುಕೊಂಡೇ ಬರುತ್ತಿದ್ದರು. ಎರಡು ಕೈಗೂ ಕೆಲಸ, ಜಪಸರ ಹಿಡಿಯೋದು ಹೇಗೆ? ಅದಕ್ಕೆ ಒಂದು ಗಂಟಿಗೆ ಒಂದು ‘ನಮೋ ಮರಿಯಾ’. ಹತ್ತು ಗಂಟು ಬಿದ್ದರೆ ಒಂದು ‘ರಹಸ್ಯ’, ಅಂದರೆ ಜಪಸರದ ಒಂದು ಭಾಗ, ಮುಗಿಯಿತು ಅಂತ ಲೆಕ್ಕ.

ಆದರೂ ಅವರಿಗೆ ಸಮಾಧಾನ ಇರಲಿಲ್ಲ. ‘ಕನ್ಯಾಸ್ತ್ರೀಯರ ಹಾಗೆ ಸುಮ್ನೆ ಕೂತು ಪ್ರಾರ್ಥನೆ ಮಾಡೋ ಭಾಗ್ಯ ನನಗೆಲ್ಲಿದೆ’ ಅನ್ನುತ್ತಿದ್ದರು. ಈ ಮಾತನ್ನು ನಿಮ್ಮ ಮನೆಯಲ್ಲೂ ಯಾರಾದರೂ ಆಡಿರಬಹುದು, ಅಲ್ವಾ?

ಇವತ್ತು ನಾನು ಹೇಳಹೊರಟಿರುವುದು ಫ್ರಾನ್ಸಿನ ಅಲಾನ್ಸೋನ್ ಊರಿನ ಝೆಲಿ ಮಾರ್ಟಿನ್ ಅವರ ಬಗ್ಗೆ. ‘ಪುಟ್ಟ ಹೂವು’ ಎಂದು ನಾವು ಪ್ರೀತಿಯಿಂದ ಕರೆಯುವ ಲಿಸಿಯೂವಿನ ಸಂತ ತೆರೇಸಾ ಇದ್ದಾರಲ್ಲ, ಅವರ ತಾಯಿ.

ಝೆಲಿಗೂ ಕನ್ಯಾಸ್ತ್ರೀ ಆಗುವ ಆಸೆ ಇತ್ತು. ಮಠದ ಹಿರಿಯ ಸಿಸ್ಟರ್, ‘ಆಗುವುದಿಲ್ಲ’ ಎಂದು ಕಳಿಸಿಬಿಟ್ಟರು. ಅವರ ಗಂಡನಾದ ಲೂಯಿ ಕೂಡ ಹಾಗೇ. ಆಲ್ಪ್ಸ್ ಬೆಟ್ಟದ ಮೇಲಿನ ಮಠ ಸೇರಲು ಹೋಗಿದ್ದರು. ಮೊದಲು ಲ್ಯಾಟಿನ್ ಕಲಿತು ಬಾ ಎಂದರು, ಆ ಕಲಿಕೆ ಪೂರ್ತಿಯಾಗಲಿಲ್ಲ. ಲೂಯಿ ಗಡಿಯಾರದ ಅಂಗಡಿ ಇಟ್ಟರು. ಝೆಲಿ ಲೇಸ್ ಕೆಲಸ ಹಿಡಿದರು. 1858ರ ಜುಲೈ ತಿಂಗಳ ಒಂದು ನಡುರಾತ್ರಿ ಊರಿನ ಚರ್ಚಿನಲ್ಲಿ ಇಬ್ಬರ ಮದುವೆಯಾಯಿತು.

ಅಲಾನ್ಸೋನ್ ಲೇಸ್ ಅಂದರೆ ಬರೀ ಸೂಜಿ ದಾರದ ಕೆಲಸ. ಸಣ್ಣ ಸಣ್ಣ ತುಂಡುಗಳನ್ನು ಹೆಂಗಸರು ತಮ್ಮ ತಮ್ಮ ಮನೆಯಲ್ಲೇ ಹೊಲಿಯುತ್ತಿದ್ದರು. ಗುರುವಾರ ಗುರುವಾರ ಝೆಲಿಯ ಮನೆಗೆ ತಂದು ಕೊಡುತ್ತಿದ್ದರು. ಆ ತುಂಡುಗಳನ್ನು ಜೋಡಿಸುವುದು ಝೆಲಿಯ ಪಾಲಿನ ಕೆಲಸ. ಜೋಡಿಸಿದ ಗುರುತೇ ಕಾಣಬಾರದು! ಒಂದು ಚದರ ಸೆಂಟಿಮೀಟರ್ ಲೇಸಿಗೆ ಏಳು ಗಂಟೆ ಹಿಡಿಯುತ್ತದೆ. 2010ರಲ್ಲಿ ಯುನೆಸ್ಕೊ ಈ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಝೆಲಿ ಬರೆದ ಇನ್ನೂರಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ತಮ್ಮನಿಗೆ ಬರೆದ ಒಂದು ಕಾಗದ ನನಗೆ ಬಹಳ ಇಷ್ಟ. ಈ ಹಾಳು ಲೇಸಿನಿಂದ ನನ್ನ ಬದುಕು ಕಷ್ಟವಾಗಿದೆ, ಆರ್ಡರ್ ಜಾಸ್ತಿಯಾದರೆ ನಾನು ಜೀತದವಳೇ ಎಂದು ಅದರಲ್ಲಿ ಗೋಳು ಹೇಳಿಕೊಳ್ಳುತ್ತಾರೆ. ಸಂತರ ಬಾಯಲ್ಲಿ ಇಂಥ ಮಾತು! ಆದರೆ ಮಾರನೆಯ ದಿನ ಬೆಳಿಗ್ಗೆ ಚರ್ಚಿನಲ್ಲಿ ಐದೂವರೆಯ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಹೋಗಿ ಬಂದು ಮತ್ತೆ ಅದೇ ಲೇಸಿನ ಮುಂದೆ ಕೂರುತ್ತಿದ್ದರು. ಆ ಬೇಸರವನ್ನು ಚರ್ಚು ತಪ್ಪೆಂದು ಎಣಿಸಲಿಲ್ಲ. ದಣಿದ ಜೀವ ದಣಿವಾಯಿತು ಎಂದರೆ ಅದರಲ್ಲಿ ತಪ್ಪೇನಿದೆ?

ಲೂಯಿ ಮಾಡಿದ್ದೂ ಸಣ್ಣದಲ್ಲ. ಹೆಂಡತಿಯ ಕೆಲಸ ಮಿತಿಮೀರಿದಾಗ ತಮ್ಮ ಗಡಿಯಾರದ ಅಂಗಡಿಯನ್ನೇ ಬಿಟ್ಟುಕೊಟ್ಟು, ಅವರ ಲೇಸಿನ ಲೆಕ್ಕಪತ್ರಕ್ಕೆ, ಪ್ಯಾರಿಸ್ಸಿನ ಓಡಾಟಕ್ಕೆ ನಿಂತರು. ಇದು 1870ರ ಆಸುಪಾಸಿನ ಮಾತು. ನೂರೈವತ್ತು ವರ್ಷಗಳ ಹಿಂದೆ, ಹೆಂಡತಿಯ ಕಸುಬಿಗೆ ಹೆಗಲು ಕೊಡಲು ಗಂಡ ತನ್ನ ಕಸುಬು ಬಿಟ್ಟ ಎಂದರೆ ಸ್ವಲ್ಪ ಯೋಚಿಸಿ ನೋಡಿ.

ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಉಳಿದವರಲ್ಲಿ ಲಿಯೋನಿ ಎಂಬ ಮಗಳದು ತುಂಬಾ ಹಟ. ಶಾಲೆಯವರು ಮನೆಗೆ ಕಳಿಸಿದರು. ಝೆಲಿಯ ಕಾಗದಗಳ ತುಂಬ ಆ ಹುಡುಗಿಯದೇ ಚಿಂತೆ. ಅವಳು ಮಠ ಸೇರಿ ಮೂರು ಸಲ ವಾಪಸ್ ಬಂದಳು. ನಾಲ್ಕನೇ ಸಲ, 1899ರಲ್ಲಿ ಹೋದವಳು ಅಲ್ಲೇ ಉಳಿದಳು. ಅದನ್ನು ನೋಡಲು ತಾಯಿ ಇರಲಿಲ್ಲ. ಸ್ತನದ ಕ್ಯಾನ್ಸರ್ ಆಗಿ 1877ರ ಆಗಸ್ಟ್ 28ರಂದು, 45ನೇ ವಯಸ್ಸಿಗೆ ಹೋಗಿಬಿಟ್ಟಿದ್ದರು. ತೆರೇಸಾಗೆ ಆಗ ನಾಲ್ಕು ವರ್ಷ.

2015ರ ಅಕ್ಟೋಬರ್ 18ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಗಂಡಹೆಂಡಿರನ್ನು ಒಟ್ಟಿಗೇ ಸಂತರೆಂದು ಸಾರಿದರು. ಹೀಗೆ ಜೋಡಿಯಾಗಿ ಸಂತರಾದ ಮೊದಲ ದಂಪತಿ ಇವರು. ಸಾಮಾನ್ಯವಾಗಿ ಸಂತರ ಹಬ್ಬ ಅವರು ಸತ್ತ ದಿನ ಬರುತ್ತದೆ. ಇವರ ಹಬ್ಬ ಜುಲೈ 12. ಆ ರಾತ್ರಿಯೇ ಅವರು ಮದುವೆಗೆಂದು ಚರ್ಚಿಗೆ ನಡೆದು ಹೋಗಿದ್ದು.

ಆ ಸುದ್ದಿ ಬಂದ ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮಠದಿಂದ ವಾಪಸ್ ಕಳಿಸಿದ್ದು, ಲೇಸು, ಗೋಳಿನ ಕಾಗದ, ಸತ್ತ ಮಕ್ಕಳು. ಅಮ್ಮ ಕೈಯಲ್ಲಿದ್ದ ಸೆರಗನ್ನು ನೋಡುತ್ತಾ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

‘ಅಷ್ಟು ಸಣ್ಣ ಕೆಲಸ. ರಾತ್ರಿ ದೀಪದಲ್ಲಿ ಕಣ್ಣು ಉರೀತಿರಲಿಲ್ವಾ ಆ ತಾಯಿಗೆ?’

ಏಳು ಗಂಟೆ ಆಗಿತ್ತು. ಸೂಜಿಗೆ ದಾರ ಪೋಣಿಸಿಕೊಡು ಎಂದರು. ಕೊಟ್ಟೆ. ಮೊದಲ ಗಂಟು ಹಾಕಿ ‘ನಮೋ ಮರಿಯಾ’ ಎಂದು ಶುರು ಮಾಡಿದರು.