ಟ್ಯಾಂಕಿನ ಗೋಡೆಗಂಟಿದ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಭಾನುವಾರ ತಾರಸಿಯ ಮೇಲಿನ ನೀರಿನ ಟ್ಯಾಂಕ್ ತೊಳೆಸುತ್ತಿದ್ದೆವು. ನೀರು ಖಾಲಿಯಾದ ಮೇಲೆ ಒಳಗೋಡೆಗೆ ಕೈಯಿಟ್ಟರೆ ಜಾರು. ಉಗುರಿನಿಂದ ಕೆರೆದೆ, ಬೆಂಡೆಕಾಯಿ ಹೆಚ್ಚುವಾಗ ಬೆರಳಿಗೆ ಹತ್ತುವ ಲೋಳೆಯ ಹಾಗೆ ಎದ್ದು ಬಂತು. ಪಾಚಿ ಅಂದರು ಮನೆಯವರು. ಪಾಚಿಗೆ ಬೆಳಕು ಬೇಕು; ಮುಚ್ಚಳ ಬಿಗಿದ ಕಪ್ಪು ಟ್ಯಾಂಕಿನ ಕತ್ತಲಲ್ಲಿ ಬೆಳೆಯುವುದು ಹೆಚ್ಚಾಗಿ ಬ್ಯಾಕ್ಟೀರಿಯಾ. ಈ ಪೊರೆಗೆ ಬಯೋಫಿಲ್ಮ್ ಅನ್ನುತ್ತಾರೆ.

ನೀರಲ್ಲಿ ಒಂಟಿಯಾಗಿ ಈಜುವ ಬ್ಯಾಕ್ಟೀರಿಯಾ ಕೋಶ ಎಲ್ಲಾದರೂ ಅಂಟಿ ಕೂತಿತೆಂದರೆ ಅದರ ಬದುಕೇ ಬೇರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಸಕ್ಕರೆಯ ಸರಪಳಿ, ಪ್ರೋಟೀನಿನ ಎಳೆಗಳನ್ನು ಹೊರಬಿಟ್ಟು ಮನೆ ಕಟ್ಟಿಕೊಳ್ಳುತ್ತವೆ. ಆ ಲೋಳೆಯೇ ಅವುಗಳ ಗಾರೆ. ಬೆಳಗ್ಗೆ ಹಲ್ಲಿನ ಮೇಲೆ ನಾಲಿಗೆಗೆ ತಾಗುವ ಪದರವೂ ಇದೇ ಜಾತಿಯದು.

ನನ್ನನ್ನು ಬಹಳ ಕಾಡಿದ್ದು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಕತೆ. ಕಾಲೊನಿ ದೊಡ್ಡದಾದಂತೆ ಅಂಚಿನ ಕೋಶಗಳೇ ಊಟವನ್ನೆಲ್ಲ ಮುಗಿಸುತ್ತವೆ, ನಡುವಿನವು ಹಸಿಯುತ್ತವೆ. ನಮ್ಮ ಬೀದಿಯಲ್ಲಿ ಮೊದಲ ಮನೆಯವರು ಮೋಟಾರು ಹಾಕಿ ಎಳೆದರೆ ಕೊನೆಯ ಮನೆಯ ನಲ್ಲಿಗೆ ಹನಿಯೂ ಬಾರದಲ್ಲ, ಹಾಗೆ. ಆಗ ಹಸಿದ ಕೋಶಗಳು ತಮ್ಮೊಳಗಿನ, ವಿದ್ಯುದಾವೇಶ ಹೊತ್ತ ಪೊಟ್ಯಾಸಿಯಂ ಅನ್ನು ಮೈಯ ಪುಟ್ಟ ಬಾಗಿಲುಗಳಿಂದ ಹೊರಬಿಡುತ್ತವೆ. ಅದು ತಾಗಿದ ಪಕ್ಕದ ಕೋಶವೂ ಬಿಡುತ್ತದೆ, ಅದರ ಪಕ್ಕದ್ದೂ ಬಿಡುತ್ತದೆ. ಹೀಗೆ ವಿದ್ಯುತ್ತಿನ ಅಲೆಯೊಂದು ನಡುವಿನಿಂದ ಅಂಚಿಗೆ ಹರಿಯುತ್ತದೆ. ಅಂಚಿನವು ಗ್ಲುಟಮೇಟ್ ಎಂಬ ಆಹಾರ ಹೀರುವುದನ್ನು ತಗ್ಗಿಸಿ, ಬೆಳೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತವೆ. ಊಟ ಒಳಗಿನವಕ್ಕೂ ತಲುಪುತ್ತದೆ. ಇದನ್ನು 2015ರಲ್ಲಿ ತೋರಿಸಿಕೊಟ್ಟದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಗುರೋಲ್ ಸ್ಯೂಲ್ ಅವರ ತಂಡ. ನಮ್ಮ ಮಿದುಳಿನ ನರಕೋಶಗಳೂ ಸುದ್ದಿ ಕಳಿಸಲು ಪೊಟ್ಯಾಸಿಯಂ ಹಾಯುವ ಇಂಥದೇ ಬಾಗಿಲುಗಳನ್ನು ಬಳಸುತ್ತವೆ. ಮಿದುಳೆಲ್ಲಿ, ಈ ಲೋಳೆಯೆಲ್ಲಿ!

2017ರಲ್ಲಿ ಅದೇ ತಂಡ ಅಕ್ಕಪಕ್ಕದ ಎರಡು ಕಾಲೊನಿಗಳಿಗೆ ಆಹಾರ ಕಡಿಮೆ ಮಾಡಿ ನೋಡಿತು. ಅವು ಸರದಿಯ ಮೇಲೆ ಉಂಡವು: ಇದು ಬೆಳೆಯುವಾಗ ಅದು ತಡೆದುಕೊಂಡಿತು, ಅದು ಬೆಳೆಯುವಾಗ ಇದು. ದಿನ ಬಿಟ್ಟು ದಿನ ಕಾವೇರಿ ನೀರಿಗೆ ಕಾದು ಅಭ್ಯಾಸವಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಒಗ್ಗಟ್ಟಿನ ಊರಿಗೆ ಬರೀ ಬ್ಲೀಚಿಂಗ್ ಪುಡಿ ಸುರಿದರೆ ಮೇಲಿನ ಪದರ ಸಾಯುತ್ತದೆ, ಅಡಿಯಲ್ಲಿರುವವು ಗಾರೆಯ ಮರೆಯಲ್ಲಿ ಉಳಿದುಬಿಡುತ್ತವೆ. ಹಾಗಾಗಿ ಮೊದಲು ಬ್ರಷ್ಷಿನಲ್ಲಿ ಗಟ್ಟಿಯಾಗಿ ತಿಕ್ಕಿಸಿ, ಆ ನೀರನ್ನು ಪೂರ್ತಿ ಹೊರಚೆಲ್ಲಿಸಿ. ಪುಡಿ ಹಾಕುವುದು ಆಮೇಲೆ.

ನಮಸ್ಕಾರ.